ಸ್ಪೇನ್ ಹೋಟೆಲಿನಲ್ಲಿ ಸಕ್ಕರೆ

ರಾಮದುರ್ಗದವರು ನಮ್ಮ ಹುಡುಗಿಯನ್ನು ನೋಡಲು ಬೈಲಹೊಂಗಲದ ನಮ್ಮ ಮನೆಗೆ ಬರಲಿಲ್ಲ. ನಮ್ಮ ಓಣಿಯ ತುದಿಯ ರಸ್ತೆಯಲ್ಲೇ ಕಾರು ಓಡಿಸಿಕೊಂಡು, ನಮ್ಮನ್ನು ದಾಟಿ, ಕಿತ್ತೂರಿನ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಆಗಿರುವ ಸ್ಪೇನ್ ದೇಶದ ಹೋಟೆಲಿಗೆ ಹೋದರು. ಅವರ ಹಿಂದೆ ನಾವು ಹೋದೆವು. ಹುಡುಗನ ಅಪ್ಪನಿಗೆ ರಾಮದುರ್ಗದಲ್ಲಿ ದೊಡ್ಡ ಬಟ್ಟೆ ಅಂಗಡಿ. ಮನೆಯಲ್ಲಿ ಜಮಖಾನೆ ಹಾಸಿ, ಅವಲಕ್ಕಿ ತಿಂದು ಕನ್ಯೆ ನೋಡುವುದು ಹಳೆಯ ಕಾಲದ ಮಾತು, ಈ ಸಲ ಜಾಗವನ್ನು ಹುಡುಗನೇ ಆರಿಸಿದ್ದಾನೆ ಎಂದು ಅವರು ಫೋನಿನಲ್ಲಿ ಹೇಳಿದರಂತೆ. ನನ್ನ ತಮ್ಮ ಹತ್ತಿ ವ್ಯಾಪಾರಿ. ಮಾರುಕಟ್ಟೆಯಲ್ಲಿ ಎಂಥವರ ಬಾಯಿಯನ್ನೂ ಮುಚ್ಚಿಸುತ್ತಾನೆ. ಗಂಡಿನ ಕಡೆಯವರ ಫೋನು ಬಂದರೆ ಮಾತ್ರ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುತ್ತಾನೆ. ನಿಂತಲ್ಲೇ ಒಪ್ಪಿಕೊಂಡ.

ಹುಡುಗಿ ಎಂದರೆ ಈ ತಮ್ಮನ ಮಗಳು. ಸವದತ್ತಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಾರು ಹತ್ತುವ ಮೊದಲು ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಹೇಳಿದಳು.

“ಅತ್ತಿ, ಲಗ್ನ ಆದಮ್ಯಾಲೂ ನಾ ನೌಕರಿ ಬಿಡೂದಿಲ್ಲ. ರಾಮದುರ್ಗದಿಂದನೂ ಸವದತ್ತಿಗೆ ಬಸ್ ಅದಾವು. ಆ ಮಾತು ಅವರ ಬಾಯಿಂದ ಬರೂಮಟಾ ಯಾರೂ ಹೂಂ ಅನಬ್ಯಾಡ್ರಿ.”

ನಾನು ಮನೆಯಲ್ಲಿ ಹಿರಿಯಳು, ಬಾಯಿ ಜೋರು ಎಂದು ಹೆಸರಾದವಳು. ಆ ಮಾತನ್ನು ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಸಂತೋಷದಿಂದಲೇ ಒಪ್ಪಿಕೊಂಡೆ.

ಹೋಟೆಲಿನ ಬಾಗಿಲಲ್ಲಿ ಕೆಂಪು ಬಟ್ಟೆ ಹಿಡಿದ ಗಂಡಸು, ಅವನ ಮೇಲೆ ನುಗ್ಗುವ ಗೂಳಿ ಇರುವ ದೊಡ್ಡ ಚಿತ್ರ. ಅದರ ಕೆಳಗೆ ‘ಶುದ್ಧ ಶಾಕಾಹಾರಿ’ ಎಂದು ಬರೆದಿತ್ತು. ಅದನ್ನು ಓದಿ ಗೂಳಿಗೂ ಸಮಾಧಾನ ಆಗಿರಬೇಕು. ಭಾನುವಾರದ ಮಧ್ಯಾಹ್ನ, ಬೆಳಗಾವಿ ಮತ್ತು ಧಾರವಾಡದ ಕಾರುಗಳೆಲ್ಲ ಅಲ್ಲೇ ಬಂದು ನಿಂತಿದ್ದವು. ಹೊರಗೆ ಬಿಸಿಲಲ್ಲಿ ಜನ ಟೋಕನ್ ಹಿಡಿದು ಕಾಯುತ್ತಿದ್ದರು. ಕಾಯುವುದರಲ್ಲೂ ಒಂದು ಗತ್ತು ಇತ್ತು. ಇದೇ ಜನ ರೇಷನ್ ಅಂಗಡಿಯ ಮುಂದೆ ಹೀಗೆ ನಿಲ್ಲಬೇಕಾಗಿ ಬಂದಿದ್ದರೆ ಜಗಳ ತೆಗೆಯುತ್ತಿದ್ದರು.

ನಮ್ಮ ಸರದಿ ಬಂತು. ಒಳಗೆ ಕುರ್ಚಿಗಳಿರಲಿಲ್ಲ. ಎದೆಯೆತ್ತರದ ಮೇಜು, ಅದಕ್ಕೆ ತಕ್ಕ ಎತ್ತರದ ಸ್ಟೂಲುಗಳು. ಆ ದೇಶದಲ್ಲಿ ಜನ ನಿಂತುಕೊಂಡೇ ತಿನ್ನುತ್ತಾರೆ, ಇದು ನಮ್ಮವರಿಗಾಗಿ ಮಾಡಿದ ಅನುಕೂಲ ಎಂದು ಹುಡುಗ ತಿಳಿಸಿ ಹೇಳಿದ. ಅವನ ತಾಯಿ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ಮಗನ ಹೆಗಲು ಆಸರೆಯಾಗಿ ಹೇಗೋ ಸ್ಟೂಲು ಏರಿದರು. ಏರಿದ ಮೇಲೆ ಅವರ ಕಾಲು ನೆಲಕ್ಕೆ ಮುಟ್ಟಲಿಲ್ಲ. ನನ್ನವೂ ಮುಟ್ಟಲಿಲ್ಲ. ಇಬ್ಬರು ಹೆಂಗಸರು ಎದುರುಬದುರು ಕಾಲು ಜೋಲಾಡಿಸುತ್ತಾ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಆ ಮಧ್ಯಾಹ್ನದ ನಿಜವಾದ ನಗು ಅದೊಂದೇ.

ಊಟ ಹೇಳಿದ್ದು ಹುಡುಗ. ಹೆಸರುಗಳನ್ನು ಅವನು ನಾಲಿಗೆ ಹೊರಳಿಸಿ ಹೊರಳಿಸಿ ಹೇಳಿದ ರೀತಿಗೆ, ಹುಟ್ಟಿದ್ದು ರಾಮದುರ್ಗದಲ್ಲೋ ಅಲ್ಲೋ ಎಂದು ನನಗೆ ಅನುಮಾನ ಬಂತು. ಇದಕ್ಕೆ ತಾಪಾಸ್ ಎನ್ನುತ್ತಾರೆ, ಸಣ್ಣ ಸಣ್ಣ ತಟ್ಟೆಗಳು ಬರುತ್ತವೆ, ನಡುವೆ ಇಟ್ಟುಕೊಂಡು ಯಾರಿಗೆ ಬೇಕೋ ಅವರು ಕೈಚಾಚಿ ತೆಗೆದುಕೊಳ್ಳಬೇಕು ಎಂದ. ಹಾಗಾದರೆ ಬಡಿಸುವವರು ಯಾರು ಎಂದು ಕೇಳಿದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿದ.

ನಾನು ಕೇಳಿದ್ದು ಎಷ್ಟು ಸರಿಯಾಗಿತ್ತು ಎಂಬುದು ಮೊದಲ ತಟ್ಟೆಗೇ ಗೊತ್ತಾಯಿತು. ಟೊಮ್ಯಾಟೊ ಉಜ್ಜಿದ ಬ್ರೆಡ್ಡಿನ ನಾಲ್ಕು ತುಂಡು ಬಂದವು. ನಾವು ಏಳು ಜನ. ನಮ್ಮ ಕಡೆ ಊಟಕ್ಕೆ ಕುಳಿತವರು ತಾವಾಗಿ ಕೈಚಾಚುವುದಿಲ್ಲ. ಬಡಿಸುವವರು ಬರಬೇಕು, ಒತ್ತಾಯ ಮಾಡಬೇಕು, ಉಣ್ಣುವವರು ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಆ ಕೈಯ ಸಂದಿಯಿಂದಲೇ ಇನ್ನೊಂದು ಹೋಳಿಗೆ ಬೀಳಬೇಕು. ಇಲ್ಲಿ ಯಜಮಾನರು ಯಾರು ಎಂಬುದೇ ಇತ್ಯರ್ಥವಾಗಿರಲಿಲ್ಲ. ಕರೆದವರು ಅವರಾದ್ದರಿಂದ ನಾವು ಮೊದಲು ತಿನ್ನಬೇಕೆಂದು ಅವರು. ಗಂಡಿನ ಕಡೆಯವರಾದ್ದರಿಂದ ಅವರೇ ಮೊದಲು ತಿನ್ನಬೇಕೆಂದು ನನ್ನ ತಮ್ಮ. ತಗೋರಿ, ಮೊದಲ ನೀವು ತಗೋರಿ ಎನ್ನುತ್ತಾ ತಟ್ಟೆ ಮೇಜಿನ ಆ ತುದಿಗೂ ಈ ತುದಿಗೂ ಓಡಾಡಿತು. ಒಂದು ತುಂಡನ್ನೂ ಯಾರೂ ಮುಟ್ಟಲಿಲ್ಲ. ಮೇಜಿನ ಮೇಲೆ ಜಾಗವಿಲ್ಲ, ಹೊರಗೆ ಜನ ಕಾಯುತ್ತಿದ್ದಾರೆ. ಕರಿ ಅಂಗಿಯ ವೇಟರ್ ಬಂದು, ಇವರಿಗೆ ಹಿಡಿಸಲಿಲ್ಲ ಎಂದುಕೊಂಡು, ಮುಂದಿನ ತಟ್ಟೆ ಇಟ್ಟು ಅದನ್ನು ಎತ್ತಿಕೊಂಡು ಹೋದ.

ಎರಡನೆಯದು ಹುರಿದು ಉಪ್ಪು ಉದುರಿಸಿದ ಹಸಿಮೆಣಸಿನಕಾಯಿ. ಇದನ್ನು ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ದಿನಾ ತಿನ್ನುತ್ತೇವೆ, ಯಾವ ದೇಶದ ಹೆಸರನ್ನೂ ಅದಕ್ಕೆ ಇಟ್ಟಿಲ್ಲ. ಅದೂ ಹಾಗೆಯೇ ಬಂದು ಹಾಗೆಯೇ ಹೋಯಿತು. ಆಲೂಗಡ್ಡೆಗೂ ಅದೇ ಗತಿ. ಗಾಜಿನ ಲೋಟದಲ್ಲಿ ಟೊಮ್ಯಾಟೊ ಸಾರು ಬಂದಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಇತ್ತು. ನನ್ನ ತಮ್ಮ ಲೋಟವನ್ನು ಮುಟ್ಟಿ ನೋಡಿ, ಆರಿ ಹೋಗಿದೆ, ಬಿಸಿ ಮಾಡಿ ತರಬೇಕೆಂದು ವೇಟರನಿಗೆ ಹೇಳಿದ. ಅದನ್ನು ತಣ್ಣಗೇ ಕುಡಿಯುತ್ತಾರೆ ಎಂದು ಹುಡುಗ ಕಣ್ಣು ಮುಚ್ಚಿಕೊಂಡು ಹೇಳಿದ. ಅವನ ಅಪ್ಪ, ತಮಗಿದು ಮೊದಲೇ ಗೊತ್ತಿತ್ತು ಎಂದು ತೋರಿಸಲು, ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದರು. ಆಮೇಲೆ ತುಂಬಾ ಹೊತ್ತು ಗೂಳಿಯ ಚಿತ್ರವನ್ನೇ ನೋಡುತ್ತಾ ಕುಳಿತರು.

ಈ ಗದ್ದಲದಲ್ಲೇ ನಾನು ನೌಕರಿಯ ಮಾತು ಎತ್ತಿದೆ. ಹುಡುಗಿ ಸವದತ್ತಿಯಲ್ಲಿ ಕಲಿಸುತ್ತಾಳೆ, ಮುಂದೆ ಹೇಗೆ ಎಂದು ಶುರು ಮಾಡುತ್ತಿದ್ದಂತೆ ಹುಡುಗನ ಅಪ್ಪ, ಸವದತ್ತಿ ದಾಟುವಾಗ ರಸ್ತೆ ಎಷ್ಟು ಕೆಟ್ಟಿತ್ತು ಎಂದು ಹೇಳತೊಡಗಿದರು. ಇನ್ನೊಮ್ಮೆ ಎತ್ತಿದೆ. ಆಗ ಹುಡುಗ ಆಲಿವ್ ಕಾಯಿಯನ್ನು ತಿನ್ನುವ ಕ್ರಮ ಹೇಳಿಕೊಟ್ಟ. ನನ್ನ ತಮ್ಮನಂತೂ ಮೇಜಿನ ಕೆಳಗೆ ನನ್ನ ಕಾಲು ಒದ್ದ. ಸುಮ್ಮನಿರು ಎಂದು ಅರ್ಥ. ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಯೂ ಹಸಿದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ಚುರೋಸ್ ಬಂತು. ಚಕ್ಕುಲಿಯನ್ನು ಸುತ್ತದೆ ಉದ್ದಕ್ಕೆ ಒತ್ತಿ ಕರಿದರೆ ಹೇಗಿರುತ್ತದೋ ಹಾಗೆ, ಮೇಲೆ ಒಂದು ಹಿಡಿ ಸಕ್ಕರೆ. ಎರಡು ತಾಸು ಉಪವಾಸ ಕುಳಿತ ನನ್ನ ತಮ್ಮನ ಮರ್ಯಾದೆ ಅಲ್ಲಿಗೆ ಮುಗಿಯಿತು. ಬಿಸಿ ಎಣ್ಣೆಯ ವಾಸನೆಗೆ ಅವನ ಕೈ ತಾನಾಗಿ ಹೋಯಿತು. ಯಾರನ್ನೂ ಕೇಳದೆ ಒಂದನ್ನು ಎತ್ತಿ, ಅರ್ಧಕ್ಕೆ ಕಡಿದ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮಲ್ಲಿ ಸಂಬಂಧ ಗೊತ್ತಾದರೆ ಎರಡೂ ಕಡೆಯವರು ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಮಾತು ತಿರುಗಿಸುವಂತಿಲ್ಲ. ಅದಕ್ಕೇ ಕನ್ಯೆ ನೋಡಲು ಬಂದವರಿಗೆ ಖಾರದ ಅವಲಕ್ಕಿಯನ್ನೇ ಕೊಡುವುದು. ಚಹಾದೊಳಗಿನ ಸಕ್ಕರೆ ಲೆಕ್ಕಕ್ಕಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಹುಡುಗನ ಅಪ್ಪ ಸ್ಟೂಲಿನಿಂದ ಇಳಿದೇಬಿಟ್ಟರು. ಅಲ್ಲಿಯತನಕ ಸಾಹುಕಾರ್ರ, ಸಾಹುಕಾರ್ರ ಎನ್ನುತ್ತಿದ್ದವರ ಬಾಯಲ್ಲಿ ಬೇರೆಯೇ ಮಾತು ಬಂತು.

“ಬೀಗರ, ಸಕ್ಕರಿ ಬಾಯಾಗ ಬಿತ್ತು. ಇನ್ನ ಮಾತ ಮುಗೀತು ನೋಡ್ರಿ.”

ತಮ್ಮನನ್ನು ಅವರು ಅಪ್ಪಿಕೊಂಡರು. ತಮ್ಮನ ಬಾಯಿ ತುಂಬಿತ್ತು, ಅಲ್ಲ ಎನ್ನಲು ಆಗಲಿಲ್ಲ. ಅಗಿದು ನುಂಗಿದ ಮೇಲೂ ಅಲ್ಲ ಎನ್ನಲಿಲ್ಲ, ನಕ್ಕ. ಎರಡು ತಾಸಿನಿಂದ ನಾಲ್ಕು ತುಂಡು ಬ್ರೆಡ್ಡು ಹಂಚಲಾಗದ ಮೇಜಿನಲ್ಲಿ ಆ ಚುರೋಸ್ ಒಂದೇ ನಿಮಿಷದಲ್ಲಿ ಹಂಚಿಹೋಯಿತು. ಹುಡುಗನಿಗೊಂದು, ಅವನ ತಾಯಿಗೊಂದು, ತಮ್ಮನ ಹೆಂಡತಿಗೊಂದು. ನನ್ನ ಮುಂದೆ ಹಿಡಿದದ್ದನ್ನು ನಾನು ಮುಟ್ಟಲಿಲ್ಲ. ಕೊನೆಯದನ್ನು ಹುಡುಗನ ಅಪ್ಪ ತಾವೇ ಹುಡುಗಿಯ ಕೈಗೆ ಕೊಟ್ಟರು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಈಗ ಹೇಳದಿದ್ದರೆ ಮುಗಿಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು. ಕೇಳಿದ್ದು ಹುಡುಗನ ಅಪ್ಪನನ್ನಲ್ಲ, ಹುಡುಗನನ್ನು.

“ಲಗ್ನ ಆದಮ್ಯಾಲೂ ನಾ ಸವದತ್ತಿಗೆ ಕಲಸಾಕ ಹೋಗತೇನಿ. ನೀವು ಹೂಂ ಅಂತೀರೇನ್ರಿ? ಅದೊಂದ ಹೇಳ್ರಿ, ಆಮ್ಯಾಲ ಇದನ್ನ ತಿಂತೇನಿ.”

ಊರು ಬಿಟ್ಟು ಊರಿಗೆ ಬಂದು ಹೋಟೆಲು ಆರಿಸಿದವನು, ನಮಗೆ ಹೆಸರು ಬಾರದ ಹತ್ತು ತಟ್ಟೆಗಳನ್ನು ಬಾಯಿಪಾಠ ಒಪ್ಪಿಸಿದವನು, ಯಾವುದನ್ನು ತಣ್ಣಗೆ ಕುಡಿಯಬೇಕು, ಯಾವುದರ ಬೀಜ ಎಲ್ಲಿ ಉಗುಳಬೇಕು ಎಂದು ನಮಗೆಲ್ಲ ಪಾಠ ಹೇಳಿದವನು ತನ್ನ ಅಪ್ಪನ ಮುಖ ನೋಡಿದ.

“ಅಪ್ಪಾರು ಹೇಳಿದಂಗ,” ಎಂದ.

ಅಪ್ಪಾರು ನಕ್ಕರು. ತಮ್ಮ ಮನೆಯ ಹೆಣ್ಣುಮಕ್ಕಳು ದುಡಿದು ತರಬೇಕಾದ ಪರಿಸ್ಥಿತಿ ಬಂದಿಲ್ಲ, ಬಂದವಳು ರಾಣಿಯ ಹಾಗೆ ಕುಳಿತಿರಬಹುದು ಎಂದರು. ನಾನು ಅವರ ಮನೆಯ ಈಗಿನ ರಾಣಿಯ ಕಡೆ ನೋಡಿದೆ. ಆಕೆ ಕಡಿದ ಚುರೋಸನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ್ದರು. ಕಾಲು ಇನ್ನೂ ನೆಲಕ್ಕೆ ಮುಟ್ಟಿರಲಿಲ್ಲ.

ನಮ್ಮ ಹುಡುಗಿ ಚುರೋಸನ್ನು ತಟ್ಟೆಯಲ್ಲಿ ಇಟ್ಟಳು. ಬೆರಳಿಗೆ ಅಂಟಿದ ಸಕ್ಕರೆಯನ್ನು ಕಾಗದದಿಂದ ಒರೆಸಿಕೊಂಡಳು. ವೇಟರ್ ಎಂದಿನಂತೆ ತಟ್ಟೆಗೆ ಕೈ ಹಾಕಿ, ಈ ಸಲ ಯಾಕೋ ಅನುಮಾನಿಸಿ ನಿಂತ.

“ಒಯ್ರಿ,” ಎಂದಳು. “ನಮ್ಮದ ಆತು.”

ಅವಳನ್ನು ಎಲ್ಲರೆದುರೇ ಅಪ್ಪಿಕೊಳ್ಳಬೇಕು ಎನಿಸಿತು ನನಗೆ. ಆ ಸ್ಟೂಲಿನಿಂದ ಬೇಗ ಇಳಿಯಲಾಗಲಿಲ್ಲ, ಅಷ್ಟೇ.

ಕಾರು ಕಿತ್ತೂರು ಬಿಟ್ಟು ಬೈಲಹೊಂಗಲದ ರಸ್ತೆಗೆ ಬಂತು. ತಮ್ಮನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹುಡುಗಿ ನಾಳೆಯ ಪಾಠಕ್ಕೆ ಏನೋ ನೋಡಬೇಕೆಂದು ಫೋನು ತೆಗೆದಳು. ಕೊನೆಗೆ ತಮ್ಮನ ಸಿಟ್ಟು ಹೊರಗೆ ಬಂತು. ಹೂಂ ಅಂದ ಮೇಲೆ ಹಿಂದೆ ಸರಿದರೆ ನಾಳೆ ಮಂದಿಗೆ ಹೇಗೆ ಮುಖ ತೋರಿಸಲಿ, ಮಗಳು ಮಾನ ಕಳೆದಳು ಎಂದು ಸ್ಟೇರಿಂಗಿಗೆ ಹೇಳಿದ.

ಮುಂದೆ ಕುಳಿತಿದ್ದ ನಾನು ಅವನ ಮುಖದ ಕಡೆ ತಿರುಗಿದೆ.

“ತಮ್ಮಾ, ಹೂಂ ಅಂದಾಂವ ನೀ ಒಬ್ಬನ. ಮೊದಲ ಆ ಮೀಸಿ ಮ್ಯಾಲಿನ ಸಕ್ಕರಿ ಒರಸ್ಕೊ.”