ಇಪ್ಪತ್ತು ಸೆಕೆಂಡು ಮುಂಚೆ ಹೊಡೆದ ಗಂಟೆ

ನಾನು ಆ ಗಂಟೆಯನ್ನು ಇಪ್ಪತ್ತು ಸೆಕೆಂಡು ಮುಂಚೆ ಹೊಡೆದೆ. ಕೈ ಜಾರಿ ಅಲ್ಲ, ವಾಚು ಕೆಟ್ಟೂ ಅಲ್ಲ — ಬೇಕೆಂದೇ ಹೊಡೆದೆ. ಅದರಿಂದ ಯೂಸುಫ್ ಎಂಬ ಬಾಕ್ಸರನಿಗೆ ಸಲ್ಲಬೇಕಾದ ಸ್ಥಾನ ತಪ್ಪಿತು ಎಂದು ಗೊತ್ತಿದ್ದೂ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಹೆಸರು ಸಂಪತ್, ಬೆಂಗಳೂರಿನ ಹಲಸೂರಿನವನು. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಸಂದಿಯಲ್ಲಿ ಗಡಿಯಾರ ರಿಪೇರಿ ಮಾಡಿ ಬದುಕಿದವನು. ಹಾಗಾಗಿಯೇ ನಮ್ಮ ಬಾಕ್ಸಿಂಗ್ ಹಾಲಿನಲ್ಲಿ ಟೈಮ್‌ಕೀಪರ್ ಕೆಲಸ ನನ್ನದಾಯಿತು. ಏಟು ಹಾಕಿಯೂ ಗೊತ್ತಿಲ್ಲ, ತಿಂದೂ ಗೊತ್ತಿಲ್ಲ. ಆದರೆ "ಸಂಪತ್ ವಾಚು ಸುಳ್ಳು ಹೇಳಲ್ಲ" ಎಂದು ಕಂಟೋನ್ಮೆಂಟೆಲ್ಲ ಹೇಳುತ್ತಿತ್ತು, ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಕೆಲಸವೇನೋ ಸರಳ. ಮೂರು ನಿಮಿಷದ ರೌಂಡು ಶುರುವಾಗುವಾಗ ಒಂದು ಗಂಟೆ. ಮುಗಿಯಲು ಹತ್ತು ಸೆಕೆಂಡು ಇರುವಾಗ ಎಚ್ಚರಿಕೆಗೆಂದು ಮರದ ಹಲಗೆಗೆ ಸುತ್ತಿಗೆಯಿಂದ ಎರಡು ಏಟು. ಆಮೇಲೆ ಮತ್ತೆ ಗಂಟೆ.

ಅದು ನಮ್ಮ ಹಾಲಿನಲ್ಲೇ ನಡೆದ ಕಂಟೋನ್ಮೆಂಟ್ ಟೂರ್ನಿಯ ಫೈನಲ್, ಭಾನುವಾರ ಮಧ್ಯಾಹ್ನ. ಒಂದು ಮೂಲೆಯಲ್ಲಿ ನಮ್ಮ ಹಲಸೂರಿನ ಮುರುಗೇಶ. ಇನ್ನೊಂದರಲ್ಲಿ ಪುಲಿಕೇಶಿನಗರದ ಯೂಸುಫ್ — ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದವನು, ಇಪ್ಪತ್ತಮೂರರ ವಯಸ್ಸು. ಮುರುಗೇಶನಿಗೆ ನನ್ನ ತಂಗಿಯನ್ನು ಕೊಡುವುದು ನಿಶ್ಚಯವಾಗಿತ್ತು, ಮದುವೆಗೆ ಒಂಬತ್ತೇ ದಿನ ಉಳಿದಿತ್ತು. ಮೊದಲೆರಡು ರೌಂಡು ಮುರುಗೇಶನವು. ಮೂರನೆಯದೇ ಕೊನೆಯದು, ಅದರಲ್ಲಿ ಯೂಸುಫನ ಎಡಗೈ ಮಾತಾಡಲು ಶುರುಮಾಡಿತು. ಪಕ್ಕೆಗೊಂದು, ಗದ್ದಕ್ಕೊಂದು — ಮುರುಗೇಶ ತನ್ನ ಮೂಲೆಯ ಹಗ್ಗಕ್ಕೆ ಒರಗಿಬಿಟ್ಟ, ಮೊಣಕಾಲು ಕುಸಿಯುತ್ತಿದ್ದವು. ಇನ್ನೆರಡು ಏಟು ಬಿದ್ದಿದ್ದರೆ ರೆಫರಿ ನಡುವೆ ಬಂದು ಯೂಸುಫನ ಕೈ ಎತ್ತುತ್ತಿದ್ದ. ವಾಚಿನಲ್ಲಿ ಇನ್ನೂ ಇಪ್ಪತ್ತು ಸೆಕೆಂಡು. ನನ್ನ ಕೈ ಗಂಟೆಯ ಕಡೆ ಹೋಯಿತು... ಇಲ್ಲ, ಕೈಯ ಮೇಲೆ ಹಾಕುವುದು ಬೇಡ. ನಾನು ಹೊಡೆದೆ.

ಮದುಮಗನ ಮುಖ ಊದಿಕೊಂಡಿರಬಾರದು ಎಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡೆ. ಅದೂ ಸುಳ್ಳು. ನಮ್ಮವನು ನಮ್ಮ ಜನರ ಮುಂದೆ ಬೀಳುವುದನ್ನು ನೋಡಲಾಗಲಿಲ್ಲ, ಅಷ್ಟೇ.

ಅಂಕಗಳ ಮೇಲೆ ಮುರುಗೇಶ ಗೆದ್ದ. ಯೂಸುಫ್ ಆಮೇಲೂ ವಯಸ್ಸು ನಲವತ್ತರ ಹತ್ತಿರ ಬರುವ ತನಕ ಆಡಿದ, ತನ್ನ ಅರ್ಧ ವಯಸ್ಸಿನವರನ್ನು ನೆಲಕ್ಕೆ ಕೆಡವಿದ. ಆದರೆ ಮಾಸ್ಕ್ ರೋಡಿನ ಟೀ ಅಂಗಡಿಯಲ್ಲಿ ಎಲ್ಲ ಕಾಲದ ದೊಡ್ಡ ಬಾಕ್ಸರ್ ಯಾರು ಎಂಬ ವಾದ ಎದ್ದಾಗಲೆಲ್ಲ ಒಂದು ಮಾತು ಬಂದೇ ಬರುತ್ತಿತ್ತು: "ಯೂಸುಫ್ ಚೆನ್ನಾಗ್ ಆಡ್ತಾನೆ ಗುರು, ಆದ್ರೆ ಮುಗಿಸೋಕ್ ಬರಲ್ಲ. ಆ ಫೈನಲ್ ನೋಡಿಲ್ವಾ?" ಹೇಳಲು ನಾಚಿಕೆಯಾಗುತ್ತದೆ — ಆ ಮಾತನ್ನು ಮೊದಲು ಆಡಿದವನು ನಾನೇ. ಯಾರೂ ನನ್ನ ಕಡೆ ನೋಡದಿರಲಿ ಎಂದು.

ಈ ವರ್ಷ ಬಾಕ್ಸಿಂಗ್ ಹಾಲಿಗೆ ಹೊಸ ಬಣ್ಣ ಬಳಿಸಿದರು. ಗೋಡೆಯ ಮೇಲೆ ಐವರು ಶ್ರೇಷ್ಠರ ಫೋಟೊ, ಬಾಗಿಲ ಪಕ್ಕದ ಮೊಳೆ ಮೊದಲನೆಯವನಿಗೆ ಎಂದು ತೀರ್ಮಾನವಾಯಿತು. ಆರಿಸಲು ಮೂವರು: ಕೋಚ್ ಲಿಲ್ಲಿ ಮೇಡಂ, ಮುರುಗೇಶ, ನಾನು. ಲಿಲ್ಲಿ ಮೇಡಂ ಐದೂ ಫೋಟೊಗಳನ್ನು ರಿಂಗಿನೊಳಗೆ ಸಾಲಾಗಿ ಇಟ್ಟರು. ಮುರುಗೇಶ ಮೊದಲು, ಯೂಸುಫ್ ಕೊನೆಗೆ.

"ನಂಗೇ ಸಮಾಧಾನ ಇಲ್ಲ," ಎಂದರು. "ಎಷ್ಟು ವರ್ಷ ನಿಂತ್ರು, ಯಾರ್ಯಾರನ್ನ ಸೋಲಿಸಿದ್ರು ನೋಡಿ. ಯೂಸುಫ್ ಭಾಯ್‌ನ ಮುಟ್ಟೋರೇ ಇಲ್ಲ. ಆದ್ರೆ ಆ ಫೈನಲ್‌ನಲ್ಲಿ ಮುಗಿಸ್ಲಿಲ್ವಲ್ಲ..."

ನಾನು ಬೀದಿಗೆ ಬಿಟ್ಟ ಮಾತು ಸುತ್ತಿ ಸುತ್ತಿ, ಆಗ ಹುಟ್ಟಿಯೇ ಇರದಿದ್ದ ಹೆಣ್ಣುಮಗಳ ಬಾಯಲ್ಲಿ ಬಂದು ಕೂತಿತ್ತು.

"ಮುಗಿಸ್ತಿದ್ದ ಮೇಡಂ. ಇನ್ನೂ ಇಪ್ಪತ್ತು ಸೆಕೆಂಡ್ ಇತ್ತು. ನಾನು ಬೇಕು ಅಂತ್ಲೇ ಮುಂಚೆ ಹೊಡ್ದೆ."

ಮುರುಗೇಶ ನನ್ನ ಎದುರಿಗೇ ಬಂದು ನಿಂತ. ಹೊಡೆದೇಬಿಡುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. "ಆ ಗಂಟೆ ಕೇಳ್ದಾಗ ನಂಗೆ ಕಾಲೇ ಇರ್ಲಿಲ್ಲ ಭಾವ," ಎಂದ. "ನಲವತ್ತು ವರ್ಷ ಒಂದೇ ಪಂಕ್ತೀಲಿ ಕೂತು ಉಂಡಿದ್ದೀವಿ. ನಂಗಾದ್ರೂ ಹೇಳ್ಬಾರ್ದಿತ್ತಾ?" ಅವನು ಬಗ್ಗಿ ತನ್ನ ಫೋಟೊ ಎತ್ತಿಕೊಂಡ. ಆ ಜಾಗದಲ್ಲಿ ಯೂಸುಫನದನ್ನು ಇಟ್ಟ.

ಮರುದಿನ ಬೆಳಿಗ್ಗೆ ಲಿಂಗರಾಜಪುರಕ್ಕೆ ಹೋದೆ. ಅಲ್ಲಿ ಒಂದು ಮನೆಯ ತಾರಸಿಯ ಮೇಲೆ ಯೂಸುಫ್ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಕಲಿಸುತ್ತಾನೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಹುಡುಗಿಯೊಬ್ಬಳ ಗ್ಲೌಸಿನ ದಾರ ಕಟ್ಟಿ ಮುಗಿಸಿ, ಆಮೇಲೆ ತಿರುಗಿದ.

"ಗೊತ್ತು ಸಂಪತ್ ಭಾಯ್. ಹಲಗೆ ಸದ್ದೇ ಬರ್ಲಿಲ್ವಲ್ಲ. ಅದಕ್ಕೇ ಕಾಯ್ತಾ ಇದ್ದೆ ನಾನು. ಹಲಗೆ ಬಡಿದ್ಮೇಲೆ ಜೀವ ಒತ್ತೆ ಇಟ್ಟು ಹೊಡೀಬೇಕು ಅಂತಿದ್ದೆ. ಸೀದಾ ಗಂಟೇನೇ ಬಂತು."

ಆ ಎರಡು ಏಟನ್ನು ಬಡಿಯಲಿಲ್ಲ ಎಂಬುದು ನನಗೇ ಹೊಳೆದಿರಲಿಲ್ಲ. ನಾನು ಬಡಿಯದೆ ಬಿಟ್ಟ ಸದ್ದನ್ನು ಇವನು ನಲವತ್ತು ವರ್ಷ ಕಿವಿಯಲ್ಲಿಟ್ಟುಕೊಂಡು ಬದುಕಿದ್ದ.

"ಯಾರಿಗೂ ಹೇಳ್ಲಿಲ್ವಲ್ಲ ನೀನು..."

"ಯಾರಿಗೆ ಹೇಳ್ಲಿ? ನಿಮ್ ವಾಚು ಸುಳ್ಳು ಹೇಳಲ್ವಲ್ಲ!" ನಗುತ್ತಿದ್ದ, ಆದರೆ ಕಣ್ಣು ನಗುತ್ತಿರಲಿಲ್ಲ. ಹಾಲಿನ ಗೋಡೆಯಲ್ಲಿ ಅವನ ಫೋಟೊ ಮೊದಲನೇ ಮೊಳೆಗೆ ಹಾಕುತ್ತೇವೆ ಎಂದೆ. "ಹಾಕಿ. ಅದು ನಂದೇ ಜಾಗ. ಆದ್ರೆ ಅದಕ್ಕೆ ಮುಂಚೆ ನನ್ ಇಪ್ಪತ್ತು ಸೆಕೆಂಡ್ ನಂಗೆ ಕೊಡಿ."

ಭಾನುವಾರ ಬಾಕ್ಸಿಂಗ್ ಹಾಲ್ ತುಂಬಿ ಜನ ಕಿಟಕಿಯಲ್ಲೂ ನಿಂತಿದ್ದರು. ಮೈಕು ಹಿಡಿದು, ಇಲ್ಲಿ ಬರೆದದ್ದನ್ನೇ ಎಲ್ಲರ ಮುಂದೆ ಹೇಳಿದೆ. ಹಿಂದಿನಿಂದ ಯಾರೋ ಬೈದರು. ಬೈಸಿಕೊಂಡೆ. ಆಮೇಲೆ ಯೂಸುಫ್ ಹಗ್ಗ ದಾಟಿ ರಿಂಗಿಗೆ ಬಂದ — ಅರವತ್ತಮೂರು ವಯಸ್ಸು, ಬಿಳಿ ಗಡ್ಡ, ಕೆಂಪು ಗ್ಲೌಸು. ಎದುರಿಗೆ ಏಟು ಹಿಡಿಯಲು ಎರಡೂ ಕೈಗೆ ಪ್ಯಾಡ್ ಹಾಕಿಕೊಂಡು ನಿಂತವನು ಮುರುಗೇಶ.

ಗಂಟೆ ಹೊಡೆದೆ.

ಅಬ್ಬಾ, ಆ ಎಡಗೈ! ಮುದುಕನೆಂದು ಯಾರು ಹೇಳಬೇಕು? ಪ್ಯಾಡಿನ ಮೇಲೆ ಒಂದೊಂದು ಏಟು ಬಿದ್ದಾಗಲೂ ಮುರುಗೇಶ ಹಿಂದೆ ಹಿಂದೆ ಸರಿದ, ಸರಿಯುತ್ತಲೇ "ಇನ್ನೂ! ಇನ್ನೂ ಹೊಡಿ!" ಎಂದು ಕೂಗಿದ. ಲಿಂಗರಾಜಪುರದ ಹುಡುಗಿಯರು ಬೆಂಚು ಹತ್ತಿ ಸೆಕೆಂಡು ಎಣಿಸತೊಡಗಿದರು, ಅವರ ಜೊತೆ ಹಾಲಿನಲ್ಲಿದ್ದವರೆಲ್ಲ ಎಣಿಸಿದರು. ಹತ್ತಕ್ಕೆ ನಾನು ಹಲಗೆ ಬಡಿದೆ, ಎರಡು ಏಟು. ಅದನ್ನು ಕೇಳಿದ್ದೇ ಯೂಸುಫ್ ತಲೆ ತಗ್ಗಿಸಿ ನುಗ್ಗಿದ — ಮುರುಗೇಶನ ಬೆನ್ನು ಹಗ್ಗಕ್ಕೆ ತಾಗಿತು, ಅದೇ ಮೂಲೆಯ ಹಗ್ಗಕ್ಕೆ. ಕಣ್ಣು ಮಂಜಾಗಿ ವಾಚು ಕಾಣದಂತಾಯಿತು. ಒರೆಸಿಕೊಂಡು ನೋಡಿದೆ. ಇಪ್ಪತ್ತು ಸೆಕೆಂಡು ಇಷ್ಟೊಂದು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ.

ಗಂಟೆ ಹೊಡೆದೆ. ಚಾವಣಿ ಹಾರಿಹೋಗುವಂತೆ ಜನ ಕೂಗಿದರು. ಮುರುಗೇಶ ಪ್ಯಾಡ್ ಕಿತ್ತೆಸೆದು ಯೂಸುಫನ ಕೈಯನ್ನು ತಾನೇ ಮೇಲೆತ್ತಿ ಹಿಡಿದ. ಲಿಲ್ಲಿ ಮೇಡಂ ಬಾಗಿಲ ಪಕ್ಕದ ಮೊಳೆಗೆ ಫೋಟೊ ತೂಗುಹಾಕಿದರು.

ಯೂಸುಫ್ ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವ ಮುಖ ನನಗಿಲ್ಲ. ಏದುಸಿರು ಬಿಡುತ್ತಾ ಹಗ್ಗದ ಮೇಲಿಂದ ನನ್ನ ಮೇಜಿನ ಕಡೆ ಬಗ್ಗಿದ.

"ಪೂರ್ತಿ ಇತ್ತಾ?"

ಇಪ್ಪತ್ತಕ್ಕೆ ನಿಲ್ಲಿಸಿದ್ದ ವಾಚನ್ನು ಅವನ ಕಡೆ ತಿರುಗಿಸಿ ಹಿಡಿದೆ. ನನ್ನ ಬಾಯಿಮಾತನ್ನು ಅವನು ಇನ್ನು ನಂಬಬೇಕಾಗಿಲ್ಲ.