ಬರಿದಾಗದ ಭರಣಿ

ಕಸ್ತೂರಮ್ಮನ ಮನೆಗೆ ಹೋಗುವ ನೊಣವೂ ಕಾಲು ತೊಳೆದುಕೊಂಡೇ ಹೋಗಬೇಕು ಎಂದು ನ್ಯಾಮತಿಯ ಆ ಬೀದಿಯವರು ನಗುತ್ತಿದ್ದರು. ಹಿಂದೆ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಮುಂದೆ ಪಡಸಾಲೆಯಲ್ಲಿ ಗಂಡ ವಿರೂಪಾಕ್ಷಪ್ಪನ ಹೊಲಿಗೆ ಯಂತ್ರ. ಸಗಣಿ ವಾಸನೆ ಪಡಸಾಲೆಗೆ ಬಂದರೆ ಕುಪ್ಪಸ ಹೊಲಿಸುವವರು ಮೂಗು ಮುಚ್ಚುತ್ತಾರೆ. ಅದಕ್ಕೇ ಮೂವತ್ತು ವರ್ಷ ಗುಡಿಸಿ, ಒರೆಸಿ, ತೊಳೆದು ಅವಳ ಅಂಗೈ ಸವೆದಿತ್ತು. ಹಾಗೆ ನಗುತ್ತಿದ್ದವರೇ, ಮಗು ಬಿದ್ದು ಮಂಡಿ ತರಚಿಕೊಂಡರೆ ಅವಳ ಬಾಗಿಲಿಗೆ ಓಡಿಬರುತ್ತಿದ್ದರು.

ಬರುತ್ತಿದ್ದುದು ಅವಳ ಭರಣಿಗಾಗಿ. ಹಾಲು ಕರೆದ ಮೇಲೆ ಹಸುವಿನ ಮೊಲೆತೊಟ್ಟು ಅದ್ದಲೆಂದು ತಂದ ಹಳದಿ ಔಷಧಿಯನ್ನು ನೀರಿಗೆ ಬೆರೆಸಿ, ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟಿದ್ದಳು; ಬೀದಿಯವರ ಗಾಯವನ್ನೂ ಅದರಲ್ಲೇ ತೊಳೆಯುತ್ತಿದ್ದಳು. ದಿನವೂ ಹೊಸದಾಗಿ ಬೆರೆಸಿ, ಉಳಿದದ್ದನ್ನು ಚೆಲ್ಲಿ ಎಂದು ಬಾಟಲಿಯ ಮೇಲೆ ಬರೆದಿತ್ತು. ಆದರೆ ಪಾತ್ರೆ ಬರಿದು ಮಾಡುವುದು ಅವಳಿಂದ ಆಗುವ ಕೆಲಸವಲ್ಲ. ಅಕ್ಕಿ ಡಬ್ಬದ ತಳ ಕಾಣಬಾರದು, ಎಣ್ಣೆ ತೀರಿತು ಎಂದು ಬಾಯಲ್ಲಿ ಬರಬಾರದು ಎಂಬುದು ತೀರಿಕೊಂಡ ಅತ್ತೆ ಉಚ್ಚಂಗೆಮ್ಮ ಕಲಿಸಿ ಹೋದ ಪಾಠ. ನಾಲ್ಕು ಬೆರಳಷ್ಟು ಉಳಿದಾಗ ಮೇಲೆ ನೀರು ಸುರಿದು, ಒಂದು ಮುಚ್ಚಳ ಔಷಧಿ ಹಾಕುತ್ತಿದ್ದಳು. ನಾಲ್ಕು ವರ್ಷ ಆ ಭರಣಿ ಒಮ್ಮೆಯೂ ಒಣಗಲಿಲ್ಲ. ಹಳೆಯ ಮಜ್ಜಿಗೆಯ ಹೆಪ್ಪಿನಿಂದ ಹೊಸ ಮೊಸರು ಆಗುವುದಾದರೆ, ಹಳೆಯ ಔಷಧಿ ಹೊಸದಕ್ಕೆ ಬಲ ಕೊಡುವುದಿಲ್ಲವೇ ಎಂದು ಅವಳ ವಾದ. ನಗಬೇಡಿ, ನಮ್ಮ ನಿಮ್ಮ ಮನೆಯ ಫಿನಾಯಿಲ್ ಬಾಟಲಿಯೂ ಹೀಗೇ ನೀರು ಕುಡಿಯುತ್ತಿರುತ್ತದೆ.

ಕಳೆದ ಶ್ರಾವಣದಲ್ಲಿ ವಿರೂಪಾಕ್ಷಪ್ಪ ಬಲಗಾಲಲ್ಲಿ ಸೂಜಿ ತುಳಿದ. ಸಕ್ಕರೆ ಕಾಯಿಲೆಯವನ ಪಾದ, ಚುಚ್ಚಿದ್ದೇ ಗೊತ್ತಾಗಲಿಲ್ಲ. ಎರಡು ದಿನ ಅದೇ ಕಾಲಲ್ಲಿ ಯಂತ್ರ ತುಳಿದು ಶಾಲೆಯ ಸಮವಸ್ತ್ರ ಹೊಲಿದ. ಮೂರನೆಯ ದಿನ ಚಾಪೆಯ ಮೇಲೆ ರಕ್ತದ ಕಲೆ ಕಂಡ ಕಸ್ತೂರಮ್ಮ ಸೂಜಿಯ ತುಂಡು ಕಿತ್ತು ತೆಗೆದಳು. ಡಾಕ್ಟರು ಮಾತ್ರೆ ಬರೆದು, ದಿನವೂ ಬಂದು ಗಾಯ ಕಟ್ಟಿಸಿಕೊಳ್ಳಿ ಎಂದರು.

ಮನೆಗೆ ಬಂದ ವಿರೂಪಾಕ್ಷಪ್ಪ ಹೆಂಡತಿಯ ಮುಂದೆ ಕಾಲು ಚಾಚಿದ. "ಕಂಡೋರ ಹತ್ರ ಯಾಕೆ? ನಿನಗಿಂತ ಚೊಕ್ಕ ಇನ್ಯಾರದ್ದು ಐತೆ?"

ಆ ಒಂದು ಮಾತಿಗೆ ಅವಳು ಹಿಗ್ಗಿಹೋದಳು. ಬೆಳಿಗ್ಗೆ ಸಂಜೆ ಭರಣಿಯ ನೀರಲ್ಲಿ ಗಾಯ ತೊಳೆದು, ಬಿಳಿ ಬಟ್ಟೆ ಕಟ್ಟಿದಳು. ಗಾಯ ಅಗಲವಾಯಿತು. ಮೂರು ಹೊತ್ತು ತೊಳೆದಳು. ಪಾದ ಕಪ್ಪಾಯಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಅದು ಬಗ್ಗುವಂತಿರಲಿಲ್ಲ. ಮಂಡಿಯ ಕೆಳಗೆ ಕಾಲು ತೆಗೆದರು.

ಅದೇ ದಿನಗಳಲ್ಲಿ ಕೆಂದ ಹಸುವಿಗೆ ಕೆಚ್ಚಲುಬಾವು ಬಂದಿತ್ತು. ಅದಕ್ಕೂ ಸೂಜಿಮದ್ದು ನಾಟದೆ ಪಶುವೈದ್ಯೆ ಶಾಂತಲಾ ಹಾಲನ್ನೂ ಭರಣಿಯ ನೀರನ್ನೂ ಪರೀಕ್ಷೆಗೆ ಒಯ್ದಿದ್ದಳು. ಕಸ್ತೂರಮ್ಮ ಹಸು ನೋಡಲು ಆಸ್ಪತ್ರೆಯಿಂದ ಒಂದು ದಿನದ ಮಟ್ಟಿಗೆ ಬಂದಾಗ ಶಾಂತಲಾ ಕೊಟ್ಟಿಗೆಗೇ ಬಂದಳು.

"ಅಮ್ಮಾ, ಹಸುವಿನ ರೋಗಾಣು ನಿಮ್ಮ ಭರಣಿ ಒಳಗೇ ಐತೆ."

"ಕೊಲ್ಲೋ ಔಷಧಿ ಒಳಗೆ ಅದು ಹೆಂಗ್ರಿ ಬದುಕ್ತೈತೆ?"

"ನೀರಾದ ಔಷಧೀಗೆ ಎಲ್ಲಾನೂ ಕೊಲ್ಲಾಕೆ ಆಗಲ್ಲಮ್ಮ. ಗಟ್ಟಿ ಇದ್ದವು ಉಳ್ಕೊಂಡು, ಅದಕ್ಕೇ ಒಗ್ಗಿ ಮರಿ ಮಾಡ್ತಾವೆ. ಒಂದು ಸಲಾನೂ ಚೆಲ್ಲಿ, ತೊಳೆದು, ಒಣಗಿಸಲಿಲ್ಲ ನೀವು."

ಕಸ್ತೂರಮ್ಮ ಒಳಗೆ ಹೋಗಿ, ಆಸ್ಪತ್ರೆಯವರು ಕೊಟ್ಟಿದ್ದ ಗಂಡನ ಗಾಯದ ಕೀವಿನ ಪರೀಕ್ಷೆಯ ಚೀಟಿ ತಂದು ಕೊಟ್ಟಳು. ಶಾಂತಲಾ ಓದಿದಳು. ಇನ್ನೊಮ್ಮೆ ಓದಿದಳು. ಸುಳ್ಳು ಹೇಳಲು ಬಾರದ ಹುಡುಗಿ.

"ಇದೂ ಅದೇ ಜಾತೀದು. ಭರಣಿಯಿಂದಾನೇ ಹೋಗಿರಬೇಕು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಕಸ್ತೂರಮ್ಮ ಅಳಲಿಲ್ಲ. ದಾವಣಗೆರೆ ಬಸ್ಸಿನಲ್ಲಿ ಕೂತು, ಗಂಡನಿಗೆ ಹೇಳುವುದೋ ಬಿಡುವುದೋ ಎಂದು ಬೆಂದಳು. ಹೇಳಿದರೆ ಹೋದ ಕಾಲು ಬರುತ್ತದೆಯೇ? ಬರುವುದಿಲ್ಲ. ಹೇಳದಿದ್ದರೆ ಅವನು ನಂಬಿದ ಹೆಂಡತಿಯಾದರೂ ಅವನಿಗೆ ಉಳಿಯುತ್ತಾಳೆ. ಹೊನ್ನಾಳಿ ದಾಟುವಷ್ಟರಲ್ಲಿ ಬಾಯಿ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದಳು.

ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಜಗಳೂರಿನ ಫಕೀರಸಾಬ ಹೊಸದಾಗಿ ಬಂದಿದ್ದ. ಅವನಿಗೂ ಸಕ್ಕರೆ, ಅವನಿಗೂ ಪಾದದ ಗಾಯ. ಕಾಲು ಉಳಿಯುತ್ತದೆ, ನಾಳೆ ಮನೆಗೆ ಹೋಗಬಹುದು ಎಂದಿದ್ದರು. ಮಗಳು ನುಜಹತ್ ಕಸ್ತೂರಮ್ಮನನ್ನು ಕಂಡವಳೇ ಎದ್ದು ಬಂದಳು.

"ನಿಮ್ಮ ಯಜಮಾನ್ರು ಬೆಳಗಿಂದ ನಿಮ್ಮ ಸುದ್ದೀನೇ ಹೇಳ್ತಾವ್ರೆ. ಅದೇನೋ ಹಳದಿ ಔಷಧಿ ಮಾಡಿ ಇಡ್ತೀರಂತೆ. ಅಬ್ಬಾಗೆ ಮನೇಲಿ ತೊಳ್ಯಾಕೆ ನಂಗೂ ಒಂಚೂರು ಕೊಡ್ರಿ ಅಮ್ಮಾ."

"ಕೊಡ್ತಾಳೆ, ಕೊಡ್ತಾಳೆ," ಎಂದ ವಿರೂಪಾಕ್ಷಪ್ಪ ಮಂಚದಿಂದಲೇ. "ಇವಳು ಇಷ್ಟು ಆರೈಕೆ ಮಾಡಿದ್ದಕ್ಕೇ ನನ್ನ ಮಂಡಿಯಾದ್ರೂ ಉಳೀತು."

ಕಸ್ತೂರಮ್ಮ ಫಕೀರಸಾಬನ ಪಾದ ನೋಡಿದಳು. ಐದೂ ಬೆರಳು ಇದ್ದವು.

"ಬೇಡ ಕಣವ್ವಾ," ಎಂದಳು. "ಅದರಲ್ಲೇ ರೋಗ ಇತ್ತು. ಇವರ ಕಾಲು ಹೋಗಿದ್ದೇ ನಾನು ತೊಳೆದಿದ್ದಕ್ಕೆ. ನೀನು ದಿನಾ ಆಸ್ಪತ್ರೆಗೇ ಕರ್ಕೊಂಡು ಹೋಗಿ ಕಟ್ಟಿಸು. ಮನೇಲಿ ಮಾಡಾಕೆ ಹೋಗಬೇಡ."

ನುಜಹತ್ ಹಿಂದೆ ಸರಿದಳು. ವಿರೂಪಾಕ್ಷಪ್ಪ ಬೈದಿದ್ದರೆ ಕಸ್ತೂರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು, ಆದರೆ ಅವನು ಬೈಯುವ ಗಂಡಸಲ್ಲ. ಸಂಜೆ ಅವಳು ತಂದ ಗಂಜಿ ಕುಡಿದ, ಕೆಂದ ಹಸು ಹೇಗಿದೆ ಎಂದೂ ವಿಚಾರಿಸಿದ.

ಆಮೇಲೆ ಅವನ ಗಾಯದ ಪಟ್ಟಿ ಒದ್ದೆಯಾಗಿರುವುದನ್ನು ಕಂಡು ಅವಳು ಬಚ್ಚಲಿಗೆ ಹೋಗಿ, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು ಬಂದು, ಅವನ ಹೊದಿಕೆ ಸರಿಸಲು ಬಾಗಿದಳು. ಅವನು ಹೊದಿಕೆಯ ಅಂಚನ್ನು ಮೆಲ್ಲಗೆ ಹಿಡಿದುಕೊಂಡ.

"ಇರ್ಲಿ ಬಿಡು," ಎಂದ. "ನರ್ಸಮ್ಮ ಬರ್ತಾರೆ."