ದ್ಯಾಮಪ್ಪನ ಕಾಣದ ಎಣ್ಣೆ

ಎಣ್ಣೆ ಯಾವುದೇ ಇರಲಿ, ದ್ಯಾಮಪ್ಪ ಮೊದಲು ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟುಕೊಂಡು ತಿಕ್ಕಿ ನೋಡುತ್ತಾನೆ. ಆಮೇಲೆ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ನಡುವೆ ಎಳೆ ಎಷ್ಟುದ್ದ ಬರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಕೊನೆಗೆ ಮೂಸುತ್ತಾನೆ. ಇದು ಯಂತ್ರದ ಎಣ್ಣೆಗೆ ಮಾತ್ರ ಅಂದುಕೊಳ್ಳಬೇಡಿ. ಮಗ ಈರೇಶನಿಗೆ ಹೆಣ್ಣು ನೋಡಲು ಹೋದಾಗ ಬೀಗರು ಹೋಳಿಗೆಯ ಮೇಲೆ ತುಪ್ಪ ಸುರಿದರು. ದ್ಯಾಮಪ್ಪ ಅದನ್ನೂ ತಿಕ್ಕಿ ನೋಡಿದ. ಬೀಗರ ಮುಖ ಬಿಗಿಯಿತು.

"ನಮ್ಮ ತುಪ್ಪದ ಮ್ಯಾಲ ಸಂಶೇ ಏನ್ರಿ?"

ಹೆಂಡತಿ ಕಾಶೆವ್ವನೇ ಮಾತು ಹಿಡಿದಳು. "ಸಂಶೇ ಅಲ್ರೀ ಯಪ್ಪಾ, ಚಟ. ನಮ್ಮ ಲಗ್ನದಾಗ ನನ್ನ ತಲಿ ಎಣ್ಣೀನೂ ತಿಕ್ಕಿ ನೋಡ್ಯಾರ!"

ಎಲ್ಲರೂ ನಕ್ಕರು, ಸಂಬಂಧ ಉಳಿಯಿತು. ಹಾಗೆ ಉಳಿದ ಸಂಬಂಧದಿಂದ ಮನೆಗೆ ಬಂದವಳೇ ಸೊಸೆ ಶೈಲಾ. ಮುಂದೆ ದ್ಯಾಮಪ್ಪನ ಮರ್ಯಾದೆ ಅವಳ ಬಿಳಿ ಪ್ಯಾಂಟಿನ ಬಲಗಾಲಿಗೆ ಬಂದು ನಿಂತದ್ದು ಹೇಗೆ ಅನ್ನುವುದೇ ಈ ಕಥೆ.

ದ್ಯಾಮಪ್ಪನ ಊರು ಕಲಘಟಗಿ ಕಡೆಯ ಒಂದು ಹಳ್ಳಿ. ಹತ್ತೊಂಬತ್ತನೆಯ ವಯಸ್ಸಿಗೆ ದಾಂಡೇಲಿಗೆ ಬಂದು ಕಾಗದದ ಮಿಲ್ಲು ಸೇರಿದ. ಮೂವತ್ತೇಳು ವರ್ಷ ಅವನದು ಒಂದೇ ಕೆಲಸ, ಯಂತ್ರಕ್ಕೆ ಎಣ್ಣೆ ಹಾಕುವುದು. ಹುದ್ದೆಯ ಹೆಸರೇ ಆಯಿಲ್‌ಮನ್. ಸುಲಭದ ಕೆಲಸ ಅಂತ ಕಾಣುತ್ತದೆ, ಅಲ್ಲವೇ? ಆದರೆ ಅಲ್ಲಿ ಆಳೆತ್ತರದ ಉರುಳೆಗಳು ತಿರುಗುತ್ತಿರುತ್ತವೆ, ಅವುಗಳ ನಡುವೆ ಹಾಲಿನಂಥ ಬಿಳಿ ಹಾಳೆ ಹೊಳೆಯ ಹಾಗೆ ಓಡುತ್ತಿರುತ್ತದೆ. ಉರುಳೆಗೆ ಎಣ್ಣೆ ಕಡಿಮೆಯಾದರೆ ಅದು ಕಿರುಚುತ್ತದೆ. ಹೆಚ್ಚಾಗಿ ಒಂದೇ ಒಂದು ಹನಿ ಹಾಳೆಯ ಮೇಲೆ ಬಿದ್ದರೆ ಅಷ್ಟೂ ಕಾಗದ ಕೆಟ್ಟಿತು. ಮೊದಲ ದಿನವೇ ಕೆಲಸ ಕಲಿಸುವ ಉಸ್ತಾದರು ಅವನ ಕೈಗೆ ಎಣ್ಣೆ ಡಬ್ಬಿಯ ಜೊತೆ ಒಂದು ಬಿಳಿ ಬಟ್ಟೆಯನ್ನೂ ಕೊಟ್ಟು ಹೇಳಿದ್ದರು: "ಎಣ್ಣಿ ಇರಬೇಕು, ಕಾಣಬಾರದು."

ದ್ಯಾಮಪ್ಪ ಆ ಮಾತನ್ನು ಎದೆಗಿಳಿಸಿಕೊಂಡ. ಅವನ ಪಾಳಿಯಲ್ಲಿ ಹಾಳೆಗೆ ಕಲೆ ಬಿದ್ದದ್ದು ಯಾರಿಗೂ ನೆನಪಿಲ್ಲ.

ನಿವೃತ್ತನಾಗಿ ದಾಂಡೇಲಿ ಪಕ್ಕದ ಅಂಬೇವಾಡಿಯ ಮನೆಯಲ್ಲಿ ಕುಳಿತ ಮೇಲೆ ಅವನಿಗೊಂದು ವಿಚಿತ್ರ ಕಂಡಿತು. ಮನೆ ತುಂಬ ಯಂತ್ರಗಳಿವೆ, ಯಾವುದೂ ಎಣ್ಣೆ ಕೇಳುವುದಿಲ್ಲ. ಮಿಕ್ಸರಿನ ಬಾಯಿ ಮುಚ್ಚಿದೆ, ಫ್ಯಾನಿನ ಬಾಯಿ ಮುಚ್ಚಿದೆ. ಈರೇಶನ ಮೋಟಾರ್ ಸೈಕಲ್ಲನ್ನು ಕಂಪನಿಯವರೇ ನೋಡಿಕೊಳ್ಳುತ್ತಾರೆ. ಉಳಿದದ್ದು ಒಂದೇ, ಶೈಲಾಳ ಸೈಕಲ್ಲು. ಅವಳು ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಿಗ್ಗೆ ಬಿಳಿ ಸಮವಸ್ತ್ರ ಹಾಕಿಕೊಂಡು ಸೈಕಲ್ ಹತ್ತಿ ಹೋಗುತ್ತಾಳೆ. ಭಾನುವಾರ ಬಂತೆಂದರೆ ದ್ಯಾಮಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ, ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಚೈನಿನ ಒಂದೊಂದು ಕೊಂಡಿಗೂ ಹನಿ ಇಟ್ಟು ಒರೆಸುತ್ತಾನೆ. ಅದು ಅವನ ಕೊನೆಯ ಯಂತ್ರ.

ಆ ವರ್ಷ ಯುಗಾದಿಯ ಹೊತ್ತಿಗೆ ಆಸ್ಪತ್ರೆಯ ರಸ್ತೆಯನ್ನು ಪೈಪು ಹಾಕಲು ಅಗೆದರು. ಕೆಂಪು ಧೂಳು ಮೊಣಕಾಲೆತ್ತರ ಏಳತೊಡಗಿತು. ಒಂದು ಸಂಜೆ ಶೈಲಾ ಬಂದಾಗ ಅವಳ ಪ್ಯಾಂಟಿನ ಬಲಗಾಲಿನ ಮೇಲೆ ಕಾಡಿಗೆ ಎಳೆದಂಥ ಒಂದು ಗೆರೆ ಇತ್ತು. ನಾಲ್ಕು ದಿನ ಬಿಟ್ಟು ಇನ್ನೊಂದು. ಮೂರನೆಯದು ಬಿದ್ದ ದಿನ ಅವಳು ಚಹದ ಬಟ್ಟಲು ಮಾವನ ಮುಂದಿಟ್ಟು, ಅಂಗಿಯ ತುದಿ ತಿರುಚುತ್ತ ನಿಂತಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಹೆಡ್ ಸಿಸ್ಟರ್ ಇವತ್ತ ಎಲ್ಲಾರ ಮುಂದ ಅಂದ್ರು, 'ಶೈಲಾ, ನೀ ಪೇಶಂಟ್ ನೋಡಾಕ ಬರ್ತೀಯೋ, ಗ್ಯಾರೇಜಿಂದ ಬರ್ತೀಯೋ' ಅಂತ. ಒಂದನೇ ತಾರೀಖಿನಿಂದ ನಾವು ಐದು ಮಂದಿ ಕೂಡಿ ಒಂದು ಆಟೋ ಹಚ್ಚೂದು ಅಂತ ಆಗೇತಿ. ಇನ್ನೊಂದ್ ಸಲ ಪ್ಯಾಂಟಿಗೆ ಹಿಂಗ ಡಾಗ ಬಿತ್ತಂದ್ರ ನಾನೂ ಸೀಟ್ ಹಿಡೀತೇನಿ. ಸೈಕಲ್ಲನ್ನ ರಿಪೇರಿ ಅಂಗಡಿ ಮನ್ಸೂರಣ್ಣಗ ಕೊಟ್ಟ ಬಿಡೂಣು."

ಅಂದು ತಾರೀಖು ಎಂಟು. ದ್ಯಾಮಪ್ಪನಿಗೆ ಸಿಟ್ಟು ಬರಲಿಲ್ಲ. ಅವನ ಕಣ್ಣು ಆ ಕರಿಗೆರೆಯ ಮೇಲೇ ಇತ್ತು. ಮೂವತ್ತೇಳು ವರ್ಷ ಬೀಳದ ಕಲೆ, ಮನೆಯ ಸೊಸೆಯ ಬಟ್ಟೆಗೆ ಬಿತ್ತಲ್ಲ! ಯಾಕೆ ಬಿತ್ತು?

ಮರುದಿನ ಸೈಕಲ್ ತಳ್ಳಿಕೊಂಡು ಮೂಲೆಯ ಮನ್ಸೂರನ ಅಂಗಡಿಗೆ ಹೋದ. ಮನ್ಸೂರ ಇಪ್ಪತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವವನು, ದ್ಯಾಮಪ್ಪನ ಹಳೆಯ ಗೆಳೆಯ. ಅವನು ಚೈನ್ ನೋಡಿದ್ದೇ ತಡ, ಬೈಕುಗಳಿಂದ ಬಸಿದ ಹಳೆಯ ಎಣ್ಣೆಯ ಡಬ್ಬಿ ಎತ್ತಿದ.

"ದ್ಯಾಮಣ್ಣಾ, ನೀ ಕಂಜೂಸ. ಹನಿ ಹನಿ ಇಟ್ರ ಹೆಂಗ? ಸುರೀಬೇಕು, ಸುರೀಬೇಕು!"

ದ್ಯಾಮಪ್ಪ ಒಂದು ಹನಿ ತಿಕ್ಕಿ ನೋಡಿದ. "ಇದು ಎಣ್ಣಿ ಅಲ್ಲೋ ಮನ್ಸೂರ, ಮಸಿ. ಉಸುಕು ಕಲಸಿದ ಮಸಿ."

"ಊರಾನ ಎಲ್ಲಾ ಸೈಕಲ್ ಇದರ ಮ್ಯಾಲೇ ಓಡತಾವ."

"ಊರಾನ ಎಲ್ಲಾ ಪ್ಯಾಂಟೂ ಕರ್ರಗ ಅದಾವ."

"ಅದಕ್ಕ ನಾ ಕರೀ ಪ್ಯಾಂಟೇ ಹಾಕ್ತೇನಿ ನೋಡ. ಅಕಲ್ ಬೇಕಣ್ಣಾ, ಅಕಲ್!"

ಚೈನಿಗೆ ಕವರಾದರೂ ಹಾಕು ಎಂದರೆ, ಈ ನಮೂನೆಯ ಸೈಕಲ್ಲಿಗೆ ಕವರು ಬರುವುದು ನಿಂತೇ ಹೋಗಿದೆ, ಬೇರೆಯದು ಹಾಕಿದರೆ ಪೆಡಲಿಗೆ ಬಡಿಯುತ್ತದೆ ಎಂದ ಮನ್ಸೂರ. ಆಟೋದ ಸಂಗತಿಯನ್ನೂ ಕೇಳಿ ತಿಳಿದಿದ್ದ ಅವನು ಹೊರಟಾಗ ಹಿಂದಿನಿಂದ ಕೂಗಿ ಹೇಳಿದ: "ಒಂದನೇ ತಾರೀಖಿಗೆ ಸೈಕಲ್ ತಗೊಳ್ಳಾಕ ನಾನ ಬರ್ತೇನಿ, ನೀ ತ್ರಾಸ ತಗೋಬ್ಯಾಡ!"

ಇನ್ನು ದ್ಯಾಮಪ್ಪನ ಪರೀಕ್ಷೆ ಸುರುವಾಯಿತು. ಮಿಲ್ಲಿನಲ್ಲಿದ್ದಾಗ ತಂದಿಟ್ಟಿದ್ದ ಬಿಳಿ ಕಾಗದದ ಚೂರುಗಳನ್ನು ಹೊರತೆಗೆದ. ಅಂಗಡಿಯಿಂದ ಹೊಲಿಗೆ ಯಂತ್ರದ ತೆಳು ಎಣ್ಣೆ ತಂದು ಹಾಕಿ ಚೈನಿಗೆ ಕಾಗದ ಒತ್ತಿದ. ಕಲೆ ಇಲ್ಲ! ಆದರೆ ಎರಡು ದಿನಕ್ಕೆ ಎಣ್ಣೆಯೂ ಇಲ್ಲ. ಚೈನು ಹಸಿದ ಬೆಕ್ಕಿನ ಹಾಗೆ ಅಳತೊಡಗಿತು. ಮಂದ ಎಣ್ಣೆ ಹಾಕಿದ. ಚೈನು ಸುಮ್ಮನಾಯಿತು, ಕಾಗದ ಕಪ್ಪಾಯಿತು. ಪುಣ್ಯಕ್ಕೆ ಆ ದಿನಗಳಲ್ಲಿ ಶೈಲಾ ರಜೆಯ ಮೇಲಿದ್ದಳು, ಸೈಕಲ್ ಹೊಡೆದು ಧೂಳು ತಿಂದವನು ದ್ಯಾಮಪ್ಪನೇ.

ಕಟ್ಟೆಯ ಮೇಲೆ ಕುಳಿತು ಕರಿ ಕಾಗದ, ಬಿಳಿ ಕಾಗದ ಎರಡನ್ನೂ ನೋಡುತ್ತಿದ್ದಾಗ ಅವನಿಗೆ ಒಂದು ಮಾತು ಹೊಳೆಯಿತು. ಮಿಲ್ಲಿನ ಯಂತ್ರ ಊರು ತಿರುಗುವುದಿಲ್ಲ. ಮಾಡಿನ ಕೆಳಗೆ ನಿಂತಲ್ಲೇ ತಿರುಗುತ್ತದೆ. ಈ ಚೈನಾದರೋ ಧೂಳಿರುವಲ್ಲಿಗೆ ತಾನೇ ಹೋಗಿ ಮೈ ತಿಕ್ಕಿಕೊಂಡು ಬರುತ್ತದೆ. ಎಣ್ಣೆಯಲ್ಲಿ ಅಂಟು ಇದ್ದರೆ ಧೂಳು ಹಿಡಿಯುತ್ತದೆ, ಅಂಟು ಇಲ್ಲದಿದ್ದರೆ ಎಣ್ಣೆಯೇ ನಿಲ್ಲುವುದಿಲ್ಲ.

"ಏನ ಅಂತೀ ಕಾಶಿ," ಎಂದು ಹೆಂಡತಿಯನ್ನು ಕೇಳಿದ, "ಹಸಿ ಇಲ್ಲದ ಎಣ್ಣಿ ಅನ್ನೂದು ಇದ್ದೀತ?"

"ಹಸಿ ಇಲ್ಲದ ನೀರೂ ಐತೇನ ನೋಡ್ರಿ, ಸಿಕ್ರ ನಾಕು ಕೊಡ ತರ್ರಿ," ಎಂದಳು ಕಾಶೆವ್ವ.

ಈರೇಶ ಜೊಯಿಡಾ ಬಸ್ಸಿನ ಚಾಲಕ. ಅಪ್ಪನ ಅವಸ್ಥೆ ನೋಡಲಾರದೆ, "ಮನ್ಯಾಗ ಕುಂತು ಚೈನ್ ನೋಡಿ ನೋಡಿ ತಲಿ ಕೆಟ್ಟೀತು, ಬಾ ಅಪ್ಪಾ, ಒಂದ್ ಟ್ರಿಪ್ ಹೋಗಿ ಬರೂಣು" ಎಂದು ಒಂದು ದಿನ ತನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಜೊಯಿಡಾದಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತದೆ. ತಾಲೂಕು ಕಚೇರಿಗೆ ಬಂದ ಮಂದಿಯ ನಡುವೆ ಒಬ್ಬ ಕೊಂಕಣಿ ಮುದುಕಿ ಎಲೆಯ ಮೇಲೆ ಮೊಟ್ಟೆಯಂಥ ಮಾಸಲು ಬಿಳಿ ಉಂಡೆಗಳನ್ನು ಇಟ್ಟುಕೊಂಡು ಕುಳಿತಿದ್ದಳು. ಮುರುಗಲ, ಅಂದರೆ ಕೋಕಂ ಹಣ್ಣಿನ ಬೀಜ ಕುಟ್ಟಿ, ಕುದಿಸಿ ತೆಗೆದ ತುಪ್ಪ ಅದು. ಒಡೆದ ಹಿಮ್ಮಡಿಗೆ ಹಚ್ಚುವುದು.

ತುಪ್ಪ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ದ್ಯಾಮಪ್ಪ ಸುಮ್ಮನಿದ್ದಾನೆಯೇ? ಉಂಡೆ ಎತ್ತಿದ. ಕಲ್ಲಿನ ಹಾಗೆ ಗಟ್ಟಿ. ಉಗುರಿನಿಂದ ಕೆರೆದು ತಿಕ್ಕಿದ. ಬೆರಳಿನ ಬಿಸಿಗೆ ಕರಗಿ ಎಣ್ಣೆಯಾಯಿತು. ಬೆರಳು ಬಿಡಿಸಿದ. ಎಳೆಯೇ ಬರಲಿಲ್ಲ! ಗಾಳಿಗೆ ಹಿಡಿದ. ಮತ್ತೆ ಒಣಗಿ ಬೆರಳಿಗೆ ನುಣ್ಣನೆಯ ಪೊರೆಯಾಗಿ ಕೂತಿತು. ಬಗ್ಗಿ ನೆಲದ ಕೆಂಪು ಧೂಳು ಒಂದು ಚಿಟಿಕೆ ತೆಗೆದು ಉಂಡೆಯ ಮೇಲೆ ಉದುರಿಸಿ, ಉಫ್ ಎಂದು ಊದಿದ. ಧೂಳು ಹಾರಿತು, ಉಂಡೆ ಹಾಗೇ ಬೆಳ್ಳಗಿತ್ತು.

"ಅರೇ ಬಾಬಾ! ನನ್ನ ಮಾಲಿನ ಮ್ಯಾಲ ಮಣ್ಣ ಹಾಕ್ತಿ ಕಾಯ್?" ಮುದುಕಿ ಎದ್ದೇಬಿಟ್ಟಳು.

"ಎಲ್ಲಾ ಉಂಡಿ ನಾನ ತಗೋತೇನಿ ಮಾವಶಿ, ಸಿಟ್ಟ ಬಿಡು."

"ಎಲ್ಲಾ?" ಮುದುಕಿ ಅವನ ಕಾಲು ನೋಡಿದಳು. "ಹಿಮ್ಮಡಿ ಅಷ್ಟ ಒಡದಾದ?"

"ನನ್ನ ಹಿಮ್ಮಡಿ ಅಲ್ಲ. ಸೈಕಲ್ಲಿಂದು."

ಮುದುಕಿ ಪಕ್ಕದವಳ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಅಂದಳು. ಆ ಸಾಲಿನ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಮನೆಗೆ ಬಂದವನೇ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಮಸಿ ಪೂರಾ ಬಿಡುವ ತನಕ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯ ತಂತಿಗೆ ಒಣಹಾಕಿದ. ಹಳೆಯ ಜಿಡ್ಡಿನ ಮೇಲೆ ಹೊಸ ತುಪ್ಪ ಹಿಡಿಯುವುದಿಲ್ಲ ಎಂದು ಬೆರಳೇ ಅವನಿಗೆ ಹೇಳಿತ್ತು. ಕಾಶೆವ್ವ ಸಂತೆಗೆ ಹೋದ ಹೊತ್ತು ನೋಡಿ, ಕೈಗೆ ಸಿಕ್ಕ ಬೋಗುಣಿಯಲ್ಲಿ ತುಪ್ಪ ಕರಗಿಸಿ, ಚೈನನ್ನು ಅದರಲ್ಲಿ ಮುಳುಗಿಸಿ, ಕೊಂಡಿಗಳನ್ನು ಆಡಿಸಿ ಆಡಿಸಿ ತೆಗೆದ. ಆರಿದ ಮೇಲೆ ಕಾಗದ ಒತ್ತಿದರೆ ಕಾಗದಕ್ಕೆ ಏನೂ ಹತ್ತಲಿಲ್ಲ. ರಜೆ ಮುಗಿಸಿದ ಶೈಲಾ ಅದೇ ಸೈಕಲ್ ಹತ್ತಿ ಹೋದಳು. ಒಂದು ದಿನ ಸರಿ, ಎರಡು ದಿನ ಸರಿ. ಮೂರನೆಯ ಸಂಜೆ ಸೈಕಲ್ಲನ್ನು ತಳ್ಳಿಕೊಂಡು, ಕಾಲು ತುರಿಸಿಕೊಳ್ಳುತ್ತ ಬಂದಳು.

"ಡಾಗ ಬಿತ್ತೇನವಾ?" ದ್ಯಾಮಪ್ಪನ ಧ್ವನಿ ಇಳಿದಿತ್ತು.

"ಡಾಗ ಬಿದ್ದಿಲ್ಲ ಮಾವಾರ. ಇರುವಿ ಬಿದ್ದಾವ!"

ಚೈನಿನ ಉದ್ದಕ್ಕೂ ಕೆಂಪಿರುವೆ ಸಾಲು ಹಿಡಿದಿತ್ತು. ಡಾಕ್ಟರು ರೌಂಡಿಗೆ ಬಂದ ಹೊತ್ತಿಗೇ ಎರಡು ಇರುವೆ ಮೊಣಕಾಲಿನವರೆಗೆ ಹತ್ತಿದ್ದವಂತೆ. "ಹೆಡ್ ಸಿಸ್ಟರ್ ಕೇಳಿದ್ರು, 'ಯಾಕ ಶೈಲಾ, ಕುಣಿಯಾಕ ಹತ್ತೀಯಲ್ಲ' ಅಂತ," ಎನ್ನುವಾಗ ಅವಳಿಗೇ ನಗು ತಡೆಯಲಿಲ್ಲ. ಆಮೇಲೆ ನಗು ನುಂಗಿಕೊಂಡು ಹೇಳಿದಳು: "ಇದನ್ನ ಡಾಗ ಅಂತ ಹಿಡಿಯಾಂಗಿಲ್ಲ. ಆದ್ರ ತಾರೀಖ ಇಪ್ಪತ್ತೆರಡ ಆತು ಮಾವಾರ. ನಾಳಿಯಿಂದ ನಡಕೊಂಡ ಹೋಗ್ತೇನಿ. ಮೂವತ್ತಕ್ಕ ಒಂದ್ ಸಲ ಹತ್ತಿ ನೋಡ್ತೇನಿ. ಅದ ಕಡೀದು."

ಮರುದಿನ ದ್ಯಾಮಪ್ಪ ಕಂಪೌಂಡಿನ ಕಲ್ಲುಗೋಡೆಯ ಮೇಲೆ ಎರಡು ಚೂರು ಇಟ್ಟು ಕಾವಲು ಕುಳಿತ. ಒಂದು ಉಂಡೆಯಿಂದ ನೇರ ಕೆರೆದದ್ದು. ಇನ್ನೊಂದು ಬೋಗುಣಿಯ ತಳದಲ್ಲಿ ಹೆಪ್ಪುಗಟ್ಟಿದ್ದು. ತುಪ್ಪಕ್ಕೆ ಇರುವೆ ಬರುವುದಾದರೆ ಎರಡಕ್ಕೂ ಬರಬೇಕಲ್ಲ? ಮೊದಲನೆಯದರ ಹತ್ತಿರ ಇರುವೆಗಳು ಬಂದು, ಮೀಸೆ ಆಡಿಸಿ, ಹಾದು ಹೋದವು. ಎರಡನೆಯದಕ್ಕೆ ಮುತ್ತಿದವು. ಅದೇನು ಮಾಯೆ ಎಂದು ಅವನು ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ ಕಾಶೆವ್ವ ಹಿಂದೆ ಬಂದು ನಿಂತಳು.

"ಅಯ್ಯ ನನ್ನ ಶಿವನ! ಇದು ನನ್ನ ಬೆಲ್ಲದ ಬೋಗುಣಿ! ಉಗಾದಿ ಹೂರಣದ ಪಾಕ ಇದರಾಗ ತಗದಿದ್ದೆ. ಕಂಠದ ಸಂದ್ಯಾಗ ಇನ್ನೂ ಬೆಲ್ಲ ಐತಿ, ಕಾಣವಲ್ದು? ಸೈಕಲ್ಲಿಗೆ ಹೋಳಿಗಿ ಮಾಡ್ಯಾರ ನೋಡ್ರವಾ ನಮ್ಮ ಮನಿಯಾವ್ರು!"

ಬೈದಳು ನಿಜ. ಆದರೆ ದ್ಯಾಮಪ್ಪನಿಗೆ ಆ ಬೈಗುಳ ಹೋಳಿಗೆಯಷ್ಟೇ ಸಿಹಿಯಾಗಿತ್ತು. ತಪ್ಪು ತುಪ್ಪದ್ದಲ್ಲ! ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ನೋಡುತ್ತಿದ್ದಂತೆ ಒಳ್ಳೆಯ ಚೂರು ಕೂಡ ಕಲ್ಲಿನ ಮೇಲೆ ಕರಗಿ ಹರಿಯಿತು. ಆಸ್ಪತ್ರೆಯ ಮುಂದೆ ಸೈಕಲ್ಲು ನಿಲ್ಲುವುದೂ ಬಿಸಿಲಿನಲ್ಲೇ. ಕರಗಿದರೆ ಮತ್ತೆ ಹಸಿ, ಹಸಿಯಾದರೆ ಮತ್ತೆ ಧೂಳು. ಬಿಸಿಲಿಗೆ ಜಗ್ಗದ್ದು ಏನಾದರೂ ಅದರಲ್ಲಿ ಬೆರೆಯಬೇಕು. ಅವನು ಅದನ್ನು ಊಟದ ಹೊತ್ತಿಗೂ ಯೋಚಿಸಿದ, ಕೈ ತೊಳೆಯುವಾಗಲೂ ಯೋಚಿಸಿದ. ಸಂಜೆ ಈರೇಶನಿಗೆ ಹೇಳಿದ: "ನಾಳೆ ಆ ಮಾವಶಿ ಕಡೆ ಜೇನುಮೇಣ ಐತೇನು ಕೇಳು."

ಇತ್ತು. ಮಾವಶಿ ಮೇಣ ಕಟ್ಟಿಕೊಡುತ್ತ, "ಸೈಕಲ್ಲಿನ ಹಿಮ್ಮಡಿ ಹೆಂಗ ಆದ?" ಎಂದು ಕೇಳಿದಳಂತೆ.

ಮೂರು ಪಾಲು ತುಪ್ಪ, ಒಂದು ಪಾಲು ಮೇಣ. ಮಧ್ಯಾಹ್ನದ ಕಲ್ಲಿನ ಮೇಲಿಟ್ಟರೆ ಮೆತ್ತಗಾಯಿತು, ಹರಿಯಲಿಲ್ಲ. ಎರಡು ಪಾಲು, ಒಂದು ಪಾಲು. ಮೆತ್ತಗೂ ಆಗಲಿಲ್ಲ. ಈ ಸಲ ಹೊಸ ಡಬ್ಬಿ, ಕಾಶೆವ್ವನ ಎದುರಿಗೇ, ಅವಳು ಮೂರು ಸಲ ತೊಳೆದು ಕೊಟ್ಟ ಡಬ್ಬಿ. ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಆ ಎರಡನೆಯ ಅಳತೆಯ ಪಾಕ ಕರಗಿಸಿ, ಸೀಮೆಎಣ್ಣೆಯಲ್ಲಿ ಮತ್ತೆ ತೊಳೆದು ಒಣಗಿಸಿದ ಚೈನು ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಕಾದ. ಗುಳ್ಳೆ ನಿಂತಿತೆಂದರೆ ಕೊಂಡಿಯ ಒಳಗಿನ ಗಾಳಿ ಹೊರಬಂದು ತುಪ್ಪ ಒಳಗೆ ಹೋಯಿತೆಂದೇ ಲೆಕ್ಕ. ಆಮೇಲೆ ಮಿಲ್ಲಿನ ಕಾಲದ ಆ ಬಿಳಿ ಬಟ್ಟೆಯಿಂದ ಹೊರಮೈ ಒರೆಸಿದ. ಒಳಗಿರಬೇಕು, ಹೊರಗೆ ಕಾಣಬಾರದು.

ಮೂವತ್ತನೆಯ ತಾರೀಖು ಶೈಲಾ ಸೈಕಲ್ ಹತ್ತಿದಳು. ಅಂದು ರಸ್ತೆಯಲ್ಲಿ ಮಣ್ಣಿನ ಲಾರಿಗಳು ಬೇರೆ ಓಡಾಡುತ್ತಿದ್ದವು. ಸಂಜೆ ಐದರಿಂದ ದ್ಯಾಮಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಮನ್ಸೂರನೂ ಅಂಗಡಿ ಬಿಟ್ಟು ಬಂದು ಗೇಟಿಗೆ ಒರಗಿ ನಿಂತಿದ್ದ.

"ಸೈಕಲ್ ಒಯ್ಯಾಕ ಒಂದ್ ದಿನ ಮೊದಲ ಬಂದೇನಿ ದ್ಯಾಮಣ್ಣಾ. ತುಪ್ಪ ತಿಂದ ಸೈಕಲ್ಲು, ದಪ್ಪ ಆಗೇತೇನ ನೋಡೂಣು."

ದ್ಯಾಮಪ್ಪನ ಕಿವಿ ರಸ್ತೆಯ ಕಡೆಗಿತ್ತು. ಚೈನಿನ ಸದ್ದೇ ಇಲ್ಲದೆ ಶೈಲಾ ತಿರುವಿನಲ್ಲಿ ಕಂಡಳು. ಇಳಿದು, ಬಲಗಾಲನ್ನು ಕಟ್ಟೆಯ ಮೆಟ್ಟಿಲ ಮೇಲೆ ಇಟ್ಟಳು. ಮೊಣಕಾಲಿನಿಂದ ಕೆಳಗೆ ತೆಳ್ಳಗೆ ಕೆಂಧೂಳು. ಅವಳು ಅಂಗೈಯಿಂದ ಎರಡು ಸಲ ಬಡಿದಳು. ಧೂಳು ಹಾರಿತು. ಕೆಳಗೆ ಬರೀ ಬಿಳಿ ಬಟ್ಟೆ.

ಮನ್ಸೂರ ಬಗ್ಗಿ ತನ್ನ ಬೆರಳನ್ನು ಚೈನಿನ ಮೇಲೆ ಎಳೆದು, ಬೆರಳು ನೋಡಿಕೊಂಡು, ಇನ್ನೊಮ್ಮೆ ಎಳೆದ. "ಯಾ ಅಲ್ಲಾ," ಎಂದ ಮೆಲ್ಲಗೆ. "ಏನ್ ಹಾಕೀ, ಖರೇ ಹೇಳು."

ಕಾಶೆವ್ವ ಬಾಗಿಲಲ್ಲೇ ಕೇಳಿದಳು, "ಆಟೋದಾವ್ರಿಗೆ ಏನ್ ಹೇಳಿದಿ ಶೈಲಾ?"

ಶೈಲಾ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಚೈನಿನ ಕಡೆ ಬಗ್ಗಿ ಮಾವನನ್ನೇ ಕೇಳಿದಳು: "ಅಲ್ರೀ ಮಾವಾರ, ಮಳಿಗಾಲದಾಗ ಇದು ತೊಳದು ಹೋಗೂದಿಲ್ಲೇನು? ಜೂನ್ ಬಂತಂದ್ರ ನಾ ಹೆಂಗ ಮಾಡ್ಲಿ?"

ದ್ಯಾಮಪ್ಪನ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ತಿಕ್ಕತೊಡಗಿತು. ಅವನು ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಚೈನಿನ ಮುಂದೆ ಕುಳಿತ.